ರೊಟಂಡಿಟಿ: ಒಂದು ಪದ, ಹಲವು ಗುಂಡುತನ

ಗುಂಡಗಿರುವುದಕ್ಕೆ ಇಂಗ್ಲಿಷಿನಲ್ಲಿ ‘ರೌಂಡ್‌ನೆಸ್’ ಎಂಬ ಸುಲಭದ ಪದ ಇದೆ. ಆದರೂ ಅಪರೂಪಕ್ಕೆ ‘ರೊಟಂಡಿಟಿ’ ಎಂಬುದು ಕಣ್ಣಿಗೆ ಬೀಳುತ್ತದೆ. ಹೆಚ್ಚಾಗಿ ಯಾರದೋ ಹೊಟ್ಟೆಯ ವಿಷಯ ಬಂದಾಗ. ‘ದಪ್ಪ’ ಅನ್ನೋಕೆ ಸಂಕೋಚಪಡುವವರಿಗೆ ಇದು ಒಳ್ಳೆ ಮರೆ.

ಪದದ ಬೇರು ಲ್ಯಾಟಿನ್ ಭಾಷೆಯ ‘ರೋಟಾ’, ಅಂದರೆ ಚಕ್ರ. ಅದರಿಂದ ಹುಟ್ಟಿದ ‘ರೊಟುಂಡುಸ್’ ಎಂದರೆ ಚಕ್ರದ ಹಾಗೆ ದುಂಡಗಿರುವುದು. ರೋಟಾ ಮತ್ತು ಸಂಸ್ಕೃತದ ‘ರಥ’ ಒಂದೇ ಹಳೆಯ ಮೂಲದವು. ಅಲ್ಲಿ ಚಕ್ರ, ಇಲ್ಲಿ ಚಕ್ರದ ಮೇಲೆ ಹೋಗುವ ಗಾಡಿ. ‘ರೌಂಡ್’ ಕೂಡ ರೊಟುಂಡುಸ್‌ನಿಂದಲೇ ಬಂದದ್ದು. ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಚಿಕ್ಕದಾಗಿ ಇಂಗ್ಲಿಷ್ ಸೇರಿತು, ರೊಟಂಡಿಟಿ ಮಾತ್ರ ಲ್ಯಾಟಿನ್ ಠೀವಿಯನ್ನು ಬಿಡಲಿಲ್ಲ. ರೋಟರಿ, ರೋಲ್ ಎಲ್ಲ ಇದೇ ಮನೆಯವು. ‘ಕಂಟ್ರೋಲ್’ ಕೂಡ ಅಂದ್ರೆ ನಂಬ್ತೀರಾ? ಒಂದು ಸುರುಳಿಯಲ್ಲಿ ಬರೆದ ಲೆಕ್ಕವನ್ನು ಇನ್ನೊಂದು ಸುರುಳಿಯ ಜೊತೆ ತಾಳೆ ನೋಡುವುದರಿಂದ ಬಂದ ಪದ ಅದು.

ಆದರೆ ಚಕ್ರ ಚಪ್ಪಟೆ, ಚೆಂಡು ಹಾಗಲ್ಲ, ಅಲ್ವಾ? ರೊಟುಂಡುಸ್ ಎರಡಕ್ಕೂ ನಡೆಯುತ್ತಿತ್ತು. ರೋಮಿನ ಪ್ಯಾಂಥಿಯಾನ್‌ನಂಥ ದುಂಡು ಕಟ್ಟಡಗಳಿಗೆ ‘ರೊಟಂಡಾ’ ಎನ್ನುತ್ತಾರೆ. ಸುಮಾರು 1,900 ವರ್ಷ ಹಳೆಯದಾದ ಅದರ ನೆಲ ಒಂದು ವೃತ್ತ, ಚಾವಣಿ ಅರ್ಧಗೋಳ. ಒಳಗಿನ ಅಗಲ ಸುಮಾರು 43 ಮೀಟರ್. ನೆಲದಿಂದ ಗುಮ್ಮಟದ ನೆತ್ತಿಯಲ್ಲಿರುವ ಕಿಂಡಿಯವರೆಗಿನ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಅಷ್ಟೇ ಅಗಲದ ಒಂದು ಗೋಳ ಅದರೊಳಗೆ ಸರಿಯಾಗಿ ಕೂರುತ್ತದೆ.

ಇಂಥ ಸಡಿಲ ಪದ ಮಾತಿಗೆ ಚೆನ್ನ, ಅಳೆಯುವವರಿಗೆ ಆಗಿಬರುವುದಿಲ್ಲ. 1930ರ ದಶಕದಲ್ಲಿ ಭೂವಿಜ್ಞಾನಿ ಹಾಕನ್ ವಾಡೆಲ್ ಕಲ್ಲು, ಮರಳಿನ ಕಣಗಳ ಗುಂಡುತನವನ್ನು ಎರಡಾಗಿ ಒಡೆದರು. ಕಣದ ಒಟ್ಟಾರೆ ಆಕಾರ ಗೋಳಕ್ಕೆ ಎಷ್ಟು ಹತ್ತಿರ ಎನ್ನುವುದು ಒಂದು. ಮೂಲೆಗಳು ಎಷ್ಟು ಸವೆದಿವೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅಷ್ಟೇ ಗಾತ್ರದ ಗೋಳದ ಮೇಲ್ಮೈಯನ್ನು ಕಣದ ಮೇಲ್ಮೈಯಿಂದ ಭಾಗಿಸಬೇಕು. ಗೋಳಕ್ಕೆ 1 ಬರುತ್ತದೆ, ದಾಳದಂಥ ಘನಕ್ಕೆ ಸುಮಾರು 0.806. ಎಲ್ಲ ಮೂಲೆಗಳೂ ಚೂಪಾಗಿರುವ ಘನಕ್ಕೂ ಇಷ್ಟು ಒಳ್ಳೆ ಅಂಕ! ಹೊಳೆಯಲ್ಲಿ ಉರುಳಿ ಉರುಳಿ ನುಣ್ಣಗಾದ ಉದ್ದನೆಯ ಕಲ್ಲಿನ ಕಥೆ ಉಲ್ಟಾ. ಮೂಲೆಯೇ ಇಲ್ಲ, ಆದರೆ ಗೋಳದಿಂದ ದೂರ. ಕಲ್ಲು ಎಷ್ಟು ದೂರ ಉರುಳಿ ಬಂದಿರಬಹುದು ಎಂದು ಊಹಿಸುವವರಿಗೆ ಜಾಸ್ತಿ ಬೇಕಾದದ್ದು ಈ ಎರಡನೆಯದೇ.

ಸುಮ್ನೆ ಅಡ್ಡಗಲ ಅಳೆದರೆ ಸಾಲದೇ? ಸಾಲದು. ಬ್ರಿಟನ್ನಿನ 50 ಪೆನ್ಸ್ ನಾಣ್ಯಕ್ಕೆ ಏಳು ಬದಿ. ಬದಿಗಳು ಸ್ವಲ್ಪ ಉಬ್ಬಿರುವ ಕಾರಣ, ಹೇಗೆ ತಿರುಗಿಸಿ ಕ್ಯಾಲಿಪರ್ (ಅಗಲ ಅಳೆಯುವ ಇಕ್ಕಳದಂಥ ಸಾಧನ) ಹಿಡಿದರೂ ಒಂದೇ ಅಗಲ. ಕ್ಯಾಲಿಪರ್ ಮಾತು ನಂಬಿದರೆ ಅದು ವೃತ್ತ. ಹಾಗಾಗಿಯೇ ಬೇರಿಂಗ್‌ನಂಥ ಭಾಗಗಳನ್ನು ಪರೀಕ್ಷಿಸುವಾಗ ಭಾಗವನ್ನು ತಿರುಗಿಸುತ್ತಾ, ಅಂಚಿಗೆ ಸೂಕ್ಷ್ಮ ಮುಳ್ಳು ತಾಗಿಸಿ, ಎಲ್ಲಿ ಉಬ್ಬು ಎಲ್ಲಿ ತಗ್ಗು ಎಂದು ಪೂರ್ತಿ ಸುತ್ತು ಗುರುತು ಹಾಕಿಕೊಳ್ಳುತ್ತಾರೆ.

ಆಕಾಶಕಾಯಗಳಿಗೂ ಇದೇ ತಕರಾರು. ಭೂಮಿಯ ಅಗಲ ಸಮಭಾಜಕದಲ್ಲಿ 12,756 ಕಿ.ಮೀ., ಧ್ರುವದಿಂದ ಧ್ರುವಕ್ಕೆ 12,714. ತಿರುಗುವ ರಭಸಕ್ಕೆ ನಡು ಉಬ್ಬಿದೆ. ಸುಮಾರು 14 ಲಕ್ಷ ಕಿ.ಮೀ. ಅಗಲದ ಸೂರ್ಯ ನಿಧಾನಕ್ಕೆ ತಿರುಗುತ್ತಾನೆ, ಅವನ ವ್ಯತ್ಯಾಸ ಬರೀ 10 ಕಿ.ಮೀ. ಆಸುಪಾಸು. ಶನಿಗ್ರಹಕ್ಕೆ ಒಂದು ಸುತ್ತಿಗೆ ಹನ್ನೊಂದು ಗಂಟೆಯೂ ಬೇಡ, ಮೈ ತುಂಬ ಹಗುರ ಅನಿಲ. ಅದರ ನಡು ಧ್ರುವಗಳ ಅಂತರಕ್ಕಿಂತ ಸುಮಾರು 12,000 ಕಿ.ಮೀ. ಜಾಸ್ತಿ ಅಗಲ. ಒಳ್ಳೆಯ ದೂರದರ್ಶಕದಲ್ಲಿ ಬಳೆಗಳ ಮೇಲಿಂದ ಕಣ್ಣು ತೆಗೆದು ಗ್ರಹವನ್ನಷ್ಟೇ ನೋಡಿ, ಆ ಚಪ್ಪಟೆತನ ಗೊತ್ತಾಗುತ್ತದೆ.