ಡಿಸ್ಕ್ ಎಣಿಸುವ ಮೊದಲು ಕ್ಲಿಪ್ ನೋಡಿ: ಇನ್ಸುಲೇಟರ್ ಸ್ಟ್ರಿಂಗಿನ ಹಾರ್ಡ್‌ವೇರ್ ಟಿಪ್ಪಣಿ

ಡಿಪ್ಲೊಮಾ ಎಲೆಕ್ಟ್ರಿಕಲ್ ಓದುವವರಿಗೆ, ಐಟಿಐನವರಿಗೆ, ಪವರ್‌ಮ್ಯಾನ್ ಕೆಲಸಕ್ಕೆ ತಯಾರಾಗುತ್ತಿರುವವರಿಗೆ ಈ ಟಿಪ್ಪಣಿ. ಹಾಸನದ ನಮ್ಮ ರೂಮಿನಲ್ಲಿ ನಾಲ್ಕು ಜನ ಸೇರಿ ಓದುವಾಗ ಬರೆದಿಟ್ಟುಕೊಂಡದ್ದನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಇನ್ಸುಲೇಟರ್ ಅಂದರೆ ತಂತಿಯ ಕರೆಂಟು ಟವರಿಗೆ ಹರಿಯದಂತೆ ನಡುವೆ ನಿಲ್ಲುವ ಪಿಂಗಾಣಿಯಂಥ ಸಾಮಾನು. ಪುಸ್ತಕದಲ್ಲಿ ಅದರ ಪಾಠ ಅಂದರೆ ಪಿನ್, ಸಸ್ಪೆನ್ಷನ್, ಸ್ಟ್ರೇನ್, ಶ್ಯಾಕಲ್ ಎಂಬ ವಿಧಗಳು, ಆಮೇಲೆ ಸ್ಟ್ರಿಂಗ್ ಎಫಿಷಿಯೆನ್ಸಿಯ, ಅಂದರೆ ವೋಲ್ಟೇಜ್ ಡಿಸ್ಕುಗಳಿಗೆ ಎಷ್ಟು ಸಮನಾಗಿ ಹಂಚುತ್ತದೆ ಎಂಬುದರ, ಲೆಕ್ಕ. ಅಲ್ಲಿಗೆ ಮುಗೀತು. ಪಿಂಗಾಣಿಯನ್ನು ಮೇಲೆ ಟವರಿಗೂ ಕೆಳಗೆ ತಂತಿಗೂ ಸೇರಿಸುವ ಕಬ್ಬಿಣದ ಸಾಮಾನಿಗೆ ಅರ್ಧ ಪುಟವೂ ಸಿಗುವುದಿಲ್ಲ. ಲೈನ್ ಕೈಕೊಡುವ ಜಾಗಗಳು ಮಾತ್ರ ಆ ಅರ್ಧ ಪುಟದಲ್ಲೇ ಬೇಕಾದಷ್ಟಿವೆ.

ಇದು ನನಗೆ ತಲೆಗೆ ಹೋದದ್ದು ಪ್ರಾಕ್ಟಿಕಲ್‌ನಲ್ಲಿ ಮಾನ ಹೋದ ದಿನ. ನೆಲದ ಮೇಲೆ ಮೂರು ಡಿಸ್ಕ್ (ತಟ್ಟೆಯಂಥ ಇನ್ಸುಲೇಟರ್) ಜೋಡಿಸಿ ಸರಪಳಿಯಂಥ ಸ್ಟ್ರಿಂಗ್ ಮಾಡಬೇಕಿತ್ತು. ಮಾಡಿದೆ. ಮೇಷ್ಟ್ರು ಬಂದು, "ಆಯ್ತೇನಪ್ಪಾ?" ಅಂದರು. "ಆಯ್ತು ಸಾರ್" ಅಂದೆ. ಅವರು ಬಗ್ಗಿ ಮಧ್ಯದ ಡಿಸ್ಕನ್ನು ಒಂದಿಷ್ಟು ಮೇಲೆತ್ತಿ ಪಕ್ಕಕ್ಕೆ ಸರಿಸಿದರು. ಡಿಸ್ಕ್ ಸಲೀಸಾಗಿ ಕಳಚಿ ಅವರ ಕೈಗೆ ಬಂತು. "ಕ್ಲಿಪ್ ಎಲ್ಲಿ?" ಬಾಲ್ ಒಳಗೆ ಕೂರಲು ಅಡ್ಡ ಬರುತ್ತಿದೆ ಅಂತ ಮೂರನ್ನೂ ಕಿತ್ತು ಜೇಬಿಗೆ ಹಾಕಿಕೊಂಡಿದ್ದೆ!

ಬಾಲ್, ಸಾಕೆಟ್, ಕ್ಲಿಪ್

ಒಂದು ಡಿಸ್ಕನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಟೋಪಿಯ ಹಾಗೆ ಕಬ್ಬಿಣದ ಕ್ಯಾಪ್, ಕೆಳಗೆ ಉಕ್ಕಿನ ಪಿನ್, ನಡುವೆ ಪಿಂಗಾಣಿ. ಪಿಂಗಾಣಿಗೆ ಇವೆರಡನ್ನೂ ಅಂಟಿಸಿರುವುದು ಸಿಮೆಂಟ್. ಪಿನ್ನಿನ ತುದಿ ಗುಂಡಗೆ ಉಬ್ಬಿರುತ್ತದೆ, ಅದು ಬಾಲ್. ಕ್ಯಾಪಿನ ನೆತ್ತಿಯಲ್ಲಿ ಒಂದು ಪಕ್ಕ ತೆರೆದ ಗೂಡು ಇರುತ್ತದೆ, ಅದು ಸಾಕೆಟ್. ಮೇಲಿನ ಡಿಸ್ಕಿನ ಬಾಲ್ ಕೆಳಗಿನ ಡಿಸ್ಕಿನ ಸಾಕೆಟ್ಟಿಗೆ ಪಕ್ಕದಿಂದ ನುಗ್ಗಿ ಕೂರುತ್ತದೆ. ನಮಗೆ ಪದೇ ಪದೇ ಸಿಗುವ ಡಿಸ್ಕಿನ ಅಳತೆ 255 ಮಿಮೀ ವ್ಯಾಸ, 145 ಮಿಮೀ ಎತ್ತರ. 70 ಕಿಲೋನ್ಯೂಟನ್ ದರ್ಜೆಯದಾದರೆ ಬಾಲ್-ಸಾಕೆಟ್ 16 ಮಿಮೀ. 70 ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ ಏಳು ಟನ್ ಎಳೆತ. ಭಾರತೀಯ ಮಾನಕಗಳಲ್ಲಿ ಪಿಂಗಾಣಿ ಇನ್ಸುಲೇಟರಿಗೆ ಐಎಸ್ 731, ಅದರ ಲೋಹದ ಫಿಟ್ಟಿಂಗ್‌ಗಳಿಗೆ ಐಎಸ್ 2486. ಎರಡನೆಯದರ ಮೂರನೆಯ ಭಾಗ ಪೂರ್ತಿ ಲಾಕಿಂಗ್ ಸಾಧನಗಳಿಗೇ ಮೀಸಲು. ಅಷ್ಟು ಚಿಕ್ಕ ತಂತಿಗೆ ಒಂದು ಇಡೀ ಭಾಗ ಯಾಕೆ?

ಬಾಲ್ ಸಾಕೆಟ್ಟಿನ ಮೇಲಂಚಿಗೆ ಒತ್ತಿ ಕೂತಿರುವುದು ಭಾರದ ದೆಸೆಯಿಂದ. ತಂತಿ ಕೆಳಕ್ಕೆ ಎಳೆಯುತ್ತಿರುವಷ್ಟು ಹೊತ್ತು ಅದು ಹೊರಬರುವುದಿಲ್ಲ. ಆದರೆ ತೋಟದ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬಿದ್ದು ಆಮೇಲೆ ಜಾರಿತು ಅನ್ನಿ, ತಂತಿ ಚಿಮ್ಮಿ ಮೇಲೇಳುತ್ತದೆ. ಆ ಒಂದು ಗಳಿಗೆ ಸ್ಟ್ರಿಂಗ್ ಸಡಿಲ. ಕೆಳಗಿನ ಡಿಸ್ಕ್ ಮೇಲೇರಿ, ಬಾಲ್ ಸಾಕೆಟ್ಟಿನ ತಳದ ಕಡೆಗೆ ಸರಿದು ಬಾಯಿಯ ಮಟ್ಟಕ್ಕೆ ಬಂದರೆ ಪಕ್ಕದಿಂದ ಜಾರಿಕೊಳ್ಳಬಹುದು. ಕ್ಲಿಪ್ ಮಾಡುವುದು ಇಷ್ಟೇ: ಬಾಲಿನ ತುದಿಗೂ ಸಾಕೆಟ್ಟಿನ ತಳಕ್ಕೂ ನಡುವೆ ಅಡ್ಡ ಕೂತು ಬಾಲ್ ತಳಕ್ಕೆ ಸರಿಯದಂತೆ ತಡೆಯುವುದು. ಕ್ಲಿಪ್ ಭಾರ ಹೊರುವುದಿಲ್ಲ, ಬಾಲನ್ನು ಅದರ ಜಾಗದಲ್ಲಿ ಕೂರಿಸಿಡುತ್ತದೆ. ಅಕ್ಷರದ ಆಕಾರ ನೋಡಿ ಆರ್ ಕ್ಲಿಪ್, ಡಬ್ಲ್ಯೂ ಕ್ಲಿಪ್ ಅನ್ನುತ್ತಾರೆ. ಫಾಸ್ಫರ್ ಬ್ರಾಂಜ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನವು, ಸ್ಪ್ರಿಂಗ್ ಗುಣ ಇರಬೇಕು, ತುಕ್ಕು ಹಿಡಿಯಬಾರದು.

ನಾನು ಮಾಡಿದ ತಪ್ಪನ್ನು ನೀವು ಮಾಡದಿರಲು ಒಂದು ಮಾತು. ಕ್ಲಿಪ್ಪಿಗೆ ಎರಡು ನಿಲುಗಡೆ ಇದೆ. ಸ್ವಲ್ಪ ಹಿಂದಕ್ಕೆ ಎಳೆದಾಗ ಬಾಲ್ ಒಳಗೆ ಹೋಗುತ್ತದೆ, ಮುಂದಕ್ಕೆ ತಳ್ಳಿದಾಗ ಲಾಕ್ ಆಗುತ್ತದೆ. ಹಿಂದಕ್ಕೆ ಎಳೆದಾಗಲೂ ಅದರ ಕಾಲುಗಳು ರಂಧ್ರದಲ್ಲೇ ಸಿಕ್ಕಿಕೊಂಡಿರುತ್ತವೆ. ಪೂರ್ತಿ ಕೀಳುವ ಅಗತ್ಯವೇ ಇಲ್ಲ. ಇನ್ನು ಕಳೆದುಹೋದ ಕ್ಲಿಪ್ಪಿನ ಜಾಗಕ್ಕೆ ಬೈಂಡಿಂಗ್ ವೈರ್ ಸುತ್ತುವುದು, ಸ್ಪ್ಲಿಟ್ ಪಿನ್ನಿನ ಬದಲು ಮೊಳೆ ತುರುಕುವುದು, ಇಂಥ ಜಾಣತನವೆಲ್ಲ ಬೇಡವೇ ಬೇಡ.

ಮೇಲಿಂದ ಕೆಳಕ್ಕೆ

ಸ್ಟ್ರಿಂಗಿನ ಭಾಗಗಳನ್ನು ಬಾಯಿಪಾಠ ಮಾಡಬೇಡಿ, ಭಾರ ಇಳಿಯುವ ದಾರಿ ಹಿಡಿದು ಹೋಗಿ. ಸಸ್ಪೆನ್ಷನ್ ಸ್ಟ್ರಿಂಗ್, ಅಂದರೆ ನೇರ ಕೆಳಗೆ ತೂಗುವ ಸ್ಟ್ರಿಂಗಿನಲ್ಲಿ ಕ್ರಾಸ್ ಆರ್ಮಿಗೆ (ಟವರಿನ ಅಡ್ಡ ತೋಳಿಗೆ) ಯು-ಬೋಲ್ಟ್, ಅದಕ್ಕೆ ಬಾಲ್ ಹುಕ್, ಆಮೇಲೆ ಡಿಸ್ಕುಗಳು, ಕೊನೆಯ ಡಿಸ್ಕಿನ ಬಾಲಿಗೆ ಸಾಕೆಟ್ ಐ, ಅದರಿಂದ ತೂಗುವ ಕ್ಲ್ಯಾಂಪ್, ಕ್ಲ್ಯಾಂಪಿನೊಳಗೆ ತಂತಿ. ಟೆನ್ಷನ್ ಸ್ಟ್ರಿಂಗ್ ಮಲಗಿರುತ್ತದೆ. ಅಲ್ಲಿ ಯು-ಬೋಲ್ಟಿನ ಬದಲು ಆಂಕರ್ ಶ್ಯಾಕಲ್, ಕೊನೆಗೆ ತಂತಿಯನ್ನು ಕಚ್ಚಿ ಹಿಡಿಯುವ ಟೆನ್ಷನ್ ಕ್ಲ್ಯಾಂಪ್. ಆ ಕಡೆಯ ತಂತಿಯನ್ನೂ ಈ ಕಡೆಯ ತಂತಿಯನ್ನೂ ಸೇರಿಸಿ ಕೆಳಗೆ ಬಿಲ್ಲಿನ ಹಾಗೆ ಜೋಲುವುದು ಜಂಪ್. ಪರೀಕ್ಷೆಗೆ ಒಂದು ಎಚ್ಚರಿಕೆ: ಈ ಶ್ಯಾಕಲ್ಲಿಗೂ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನ ಶ್ಯಾಕಲ್ ಇನ್ಸುಲೇಟರಿಗೂ ಸಂಬಂಧವಿಲ್ಲ. ಒಂದು ಕಬ್ಬಿಣ, ಇನ್ನೊಂದು ಪಿಂಗಾಣಿ.

ರಸ್ತೆ, ರೈಲು ಹಳಿ, ಹೊಳೆ ದಾಟುವ ಕಡೆ ಎರಡು ಸ್ಟ್ರಿಂಗ್ ಜೋಡಿಯಾಗಿ ಕಾಣುತ್ತವೆ. ತುದಿಗಳಲ್ಲಿ ತ್ರಿಕೋನದ ತಗಡಿನಂತಿರುವುದು ಯೋಕ್ ಪ್ಲೇಟ್, ನೊಗ ಎಂದೇ ತಿಳಿಯಿರಿ. ಒಂದು ಎತ್ತು ಕುಸಿದರೂ ಗಾಡಿ ಪೂರ್ತಿ ಮಗುಚದ ಹಾಗೆ, ಒಂದು ಸ್ಟ್ರಿಂಗ್ ತುಂಡಾದರೂ ತಂತಿ ನೆಲಕ್ಕೆ ಬರಬಾರದು.

ಡಿಸ್ಕುಗಳ ಸಂಖ್ಯೆ ಸಾಮಾನ್ಯವಾಗಿ 66 ಕೆವಿಗೆ ಸಸ್ಪೆನ್ಷನ್‌ನಲ್ಲಿ 5, 220 ಕೆವಿಗೆ 13 ಅಥವಾ 14, 400 ಕೆವಿಗೆ 23. 66 ಕೆವಿ, 220 ಕೆವಿ ಲೈನುಗಳ ಟೆನ್ಷನ್ ಸ್ಟ್ರಿಂಗಿಗೆ ಒಂದು ಹೆಚ್ಚು ಹಾಕುವುದು ರೂಢಿ.

ಕೆಳಗಿನ ಡಿಸ್ಕಿಗೇ ಯಾಕೆ ಹೊರೆ?

ಇದು ಎಲ್ಲರೂ ಲೆಕ್ಕ ಮಾಡುತ್ತಾರೆ, ಕಾರಣ ಕೇಳಿದರೆ ತಡವರಿಸುತ್ತಾರೆ. ಗೊರೂರಿನಿಂದ ಹೊರಡುವ ಹೇಮಾವತಿ ನಾಲೆ ನೆನೆಸಿಕೊಳ್ಳಿ. ಆರಂಭದಲ್ಲಿ ನಾಲೆ ತುಂಬಿ ಹರಿಯುತ್ತದೆ. ದಾರಿಯುದ್ದಕ್ಕೂ ಒಂದೊಂದು ತೂಬು ಒಂದಿಷ್ಟು ನೀರು ತೆಗೆದುಕೊಳ್ಳುತ್ತದೆ. ಕೊನೆಯ ಭಾಗದ ರೈತನ ಹತ್ತಿರ ಬರುವಾಗ ನಾಲೆ ಸೊರಗಿರುತ್ತದೆ. ಸ್ಟ್ರಿಂಗಿನಲ್ಲಿ ನಾಲೆಯ ಆರಂಭ ಅಂದರೆ ತಂತಿಯ ಕಡೆಯ ಡಿಸ್ಕ್. ಪ್ರತಿ ಡಿಸ್ಕೂ ಒಂದು ಕೆಪಾಸಿಟರ್. ಜೊತೆಗೆ ಪ್ರತಿ ಕೊಂಡಿಯ ಲೋಹಕ್ಕೂ ಟವರಿಗೂ ನಡುವೆ ಗಾಳಿಯ ಇನ್ನೊಂದು ಸಣ್ಣ ಕೆಪಾಸಿಟರ್ ಇದೆ. ಅದೇ ತೂಬು. ಅಷ್ಟೂ ತೂಬುಗಳ ಕರೆಂಟು ಮೊದಲು ಕೆಳಗಿನ ಡಿಸ್ಕನ್ನು ದಾಟಿಯೇ ಹೋಗಬೇಕು. ಕರೆಂಟು ಹೆಚ್ಚಾದ ಕಡೆ ವೋಲ್ಟೇಜೂ ಹೆಚ್ಚು.

ಲೆಕ್ಕ ಮಾಡೋಣ. 66 ಕೆವಿ ಲೈನಿನ ಒಂದು ಫೇಸಿಗೂ ಭೂಮಿಗೂ ನಡುವೆ 66 ÷ 1.732 = 38.1 ಕೆವಿ. ಡಿಸ್ಕ್ 5. ಸಮನಾಗಿ ಹಂಚಿದರೆ ತಲಾ 7.6 ಕೆವಿ. ಗಾಳಿಯ ಕೆಪಾಸಿಟರ್ ಡಿಸ್ಕಿನದರ ಹತ್ತನೇ ಒಂದು ಭಾಗ ಅಂತ ಇಟ್ಟುಕೊಂಡರೆ ಮೇಲಿನಿಂದ ಕೆಳಕ್ಕೆ ವೋಲ್ಟೇಜಿನ ಪಾಲು 1, 1.1, 1.31, 1.65, 2.16. ಒಟ್ಟು 7.22. ಮೇಲಿನ ಡಿಸ್ಕಿಗೆ 5.3 ಕೆವಿ, ಕೆಳಗಿನದಕ್ಕೆ 11.4 ಕೆವಿ. ಸ್ಟ್ರಿಂಗ್ ಎಫಿಷಿಯೆನ್ಸಿ 7.22 ÷ (5 × 2.16), ಸುಮಾರು 67 ಶೇಕಡ. ಡಿಸ್ಕ್ ಹೆಚ್ಚಿಸಿದಷ್ಟೂ ಈ ಶೇಕಡಾವಾರು ಇಳಿಯುತ್ತದೆ. 400 ಕೆವಿಯಲ್ಲಿ 23 ಡಿಸ್ಕ್ ಇದ್ದರೂ ತಂತಿಯ ಪಕ್ಕದವು ನರಳುವುದು ತಪ್ಪಲಿಲ್ಲ.

ಅದಕ್ಕೇ ತಂತಿಯ ತುದಿಯಲ್ಲಿ ಆ ದೊಡ್ಡ ಲೋಹದ ಬಳೆ. ಗ್ರೇಡಿಂಗ್ ರಿಂಗ್ ಅಥವಾ ಕೊರೋನಾ ಕಂಟ್ರೋಲ್ ರಿಂಗ್ ಅನ್ನುವುದು ಇದನ್ನೇ. ತಂತಿಯ ವೋಲ್ಟೇಜಿನಲ್ಲೇ ಇರುವ ಬಳೆ ಕೆಳಗಿನ ಡಿಸ್ಕುಗಳನ್ನು ಸುತ್ತುವರಿದು, ತೂಬುಗಳಿಗೆ ಹೋಗುವ ಕರೆಂಟನ್ನು ಗಾಳಿಯ ಮೂಲಕ ತಾನೇ ಒದಗಿಸುತ್ತದೆ. ನಾಲೆಗೆ ನಡುದಾರಿಯಲ್ಲಿ ಇನ್ನೊಂದು ಕಡೆಯಿಂದ ನೀರು ಬಿಟ್ಟ ಹಾಗೆ. ಜೊತೆಗೆ ಕ್ಲ್ಯಾಂಪಿನ ಮೂಲೆ, ಬೋಲ್ಟಿನ ತುದಿ ಇಂಥ ಚೂಪು ಜಾಗಗಳನ್ನು ಮರೆಮಾಡಿ, ರಾತ್ರಿ ಮಂಜಿನಲ್ಲಿ ಕೇಳುವ ಆ ಚರಚರ ಸದ್ದನ್ನೂ ತಗ್ಗಿಸುತ್ತದೆ.

ಆರ್ಸಿಂಗ್ ಹಾರ್ನ್ ಮತ್ತು ಒಡೆಯದೆ ಸತ್ತ ಡಿಸ್ಕ್

ಆರ್ಸಿಂಗ್ ಹಾರ್ನ್ ಅಂದರೆ ಸ್ಟ್ರಿಂಗಿನ ಎರಡೂ ತುದಿಯಿಂದ ಒಂದಕ್ಕೊಂದು ಮುಖ ಮಾಡಿ ಚಾಚಿರುವ ಕಬ್ಬಿಣದ ಕೊಂಬುಗಳು. ಕೊಂಬುಗಳ ನಡುವಿನ ಅಂತರ ಸ್ಟ್ರಿಂಗಿನ ಉದ್ದಕ್ಕಿಂತ ಕಡಿಮೆ. ಸಿಡಿಲು ಬಡಿದು ವೋಲ್ಟೇಜ್ ನೆಗೆದಾಗ ಕಿಡಿ ಪಿಂಗಾಣಿಯ ಮೈಮೇಲೆ ಹರಿಯುವ ಬದಲು ಕೊಂಬಿನಿಂದ ಕೊಂಬಿಗೆ ಹಾರುತ್ತದೆ. ಸಿಡಿಲು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಆದರೆ ಅದು ಕಾಯಿಸಿಟ್ಟ ಗಾಳಿಯ ದಾರಿಯಲ್ಲಿ ನಮ್ಮ 50 ಹರ್ಟ್ಸ್ ಕರೆಂಟು ನುಗ್ಗಿ ಹರಿಯುತ್ತಲೇ ಇರುತ್ತದೆ. ಪಿಂಗಾಣಿ ಸೀಳುವುದು, ಸತುವಿನ ಲೇಪ ಸುಡುವುದು ಆ ಎರಡನೆಯ ಬೆಂಕಿಯಿಂದ.

ಇಲ್ಲಿ ನಮ್ಮ ರೂಮಿನಲ್ಲೇ ಇಬ್ಬರು ಎಡವಿದ್ದರು. ಹಾರ್ನ್ ಮಿಂಚು ನಿರೋಧಕ ಅಲ್ಲ. ಅದು ಕಿಡಿಯನ್ನು ಆರಿಸುವುದಿಲ್ಲ, ಎಲ್ಲಿ ಉರಿಯಬೇಕು ಅಂತ ಜಾಗ ತೋರಿಸುತ್ತದೆ ಅಷ್ಟೇ. ಆರಿಸುವುದು ಸ್ಟೇಷನ್ನಿನ ಬ್ರೇಕರ್. ಅಂತರ ಕಡಿಮೆ ಮಾಡಿದಷ್ಟೂ ಪಿಂಗಾಣಿ ಉಳಿಯುತ್ತದೆ, ಲೈನ್ ಟ್ರಿಪ್ ಆಗುವುದೂ ಹೆಚ್ಚುತ್ತದೆ. ಎರಡೂ ಬೇಕು ಅಂದರೆ ಆಗದು.

ಸ್ಕ್ರ್ಯಾಪ್ ರಾಶಿಯಿಂದ ತಂದ ಒಂದು ಡಿಸ್ಕನ್ನು ಮೇಷ್ಟ್ರು ತೋರಿಸಿದ್ದರು. ಕಂದು ಮೆರುಗು ಹೊಳೆಯುತ್ತಿತ್ತು, ಎಲ್ಲೂ ಒಂದು ಚಕ್ಕೆ ಎದ್ದಿರಲಿಲ್ಲ. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದರೆ ಮುಳ್ಳು ಸೊನ್ನೆ. ಪಿನ್ನಿಗೂ ಕ್ಯಾಪಿಗೂ ನಡುವೆ, ಟೋಪಿಯೊಳಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು. ಇದೇ ಪಂಕ್ಚರ್. ಪಿನ್ನಿನ ಕುತ್ತಿಗೆ ನೋಡಿದರೆ ಸಿಮೆಂಟಿನೊಳಗೆ ಇಳಿಯುವ ಜಾಗದಲ್ಲಿ ತುಕ್ಕು ತಿಂದು ಸಣ್ಣಗಾಗಿತ್ತು, ಇಲಿ ಕಡಿದ ಕಬ್ಬಿನ ಹಾಗೆ. ಇಂಥ ಡಿಸ್ಕ್ ಇರುವ ಸ್ಟ್ರಿಂಗಿನಲ್ಲಿ ದೊಡ್ಡ ಫಾಲ್ಟ್ ಕರೆಂಟು ಹೊರಗಿನ ಗಾಳಿಯಲ್ಲಿ ಹೋಗದೆ ಟೋಪಿಯೊಳಗೇ ಹಾದರೆ, ಒಳಗಿನ ತೇವ ಆವಿಯಾಗಿ ಕ್ಯಾಪ್ ಸಿಡಿಯಬಹುದು. ಆಗ ತಂತಿ ನೆಲಕ್ಕೆ. ಗಾಜಿನ ಡಿಸ್ಕಿಗೆ ಈ ಕಪಟ ಗೊತ್ತಿಲ್ಲ. ಕೆಟ್ಟರೆ ಅಂಚು ಪೂರ್ತಿ ಪುಡಿಯಾಗಿ ಉದುರುತ್ತದೆ, ನೆಲದಿಂದಲೇ ಕಾಣುತ್ತದೆ, ಉಳಿದ ಮೊಂಡು ಭಾಗ ತಂತಿಯನ್ನು ಹಿಡಿದೇ ಇರುತ್ತದೆ. ತಪಾಸಣೆ ಮಾಡುವವನ ಕಣ್ಣಿನಿಂದ ನೋಡಿದರೆ ನನಗೆ ಗಾಜೇ ವಾಸಿ ಅನ್ನಿಸುತ್ತದೆ.

ತಂತಿಯ ಬದಿ

ಕ್ಲ್ಯಾಂಪ್ ತಂತಿಯನ್ನು ಬಿಗಿಯಾಗಿ ಹಿಡಿದ ಜಾಗದಲ್ಲೇ ತಂತಿಗೆ ಆಯಾಸ. ಅದಕ್ಕೆ ಆರ್ಮರ್ ರಾಡ್: ಸುರುಳಿಯಾಗಿ ಮೊದಲೇ ಬಗ್ಗಿಸಿದ ಅಲ್ಯೂಮಿನಿಯಂ ಕಡ್ಡಿಗಳನ್ನು ತಂತಿಗೆ ಸುತ್ತಿ ಅದರ ಮೇಲೆ ಕ್ಲ್ಯಾಂಪ್. ತಂತಿಯ ಹೊರ ಪದರ ಯಾವ ಕಡೆ ಹೊಸೆದಿದೆಯೋ ಕಡ್ಡಿಗಳೂ ಅದೇ ಕಡೆ ಸುತ್ತಬೇಕು.

ತಂತಿಗೆ ಕಟ್ಟಿದ ಡಂಬೆಲ್‌ನಂಥದ್ದು ಸ್ಟಾಕ್‌ಬ್ರಿಡ್ಜ್ ಡ್ಯಾಂಪರ್. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್ ಆಗಿದ್ದ ಜಾರ್ಜ್ ಸ್ಟಾಕ್‌ಬ್ರಿಡ್ಜ್ ಕಂಡುಹಿಡಿದದ್ದು. ಇದು ಬಿರುಗಾಳಿಗೆ ಅಂತ ಬರೆದರೆ ಮಾರ್ಕ್ಸ್ ಹೋಯಿತು. ಇದರ ಶತ್ರು ಕಡೂರಿನ ಬಯಲಿನಲ್ಲಿ ಸಂಜೆ ಒಂದೇ ಸಮನೆ ಬೀಸುವ ಮಂದಗಾಳಿ. ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಅಂದಾಜಿಗೆ 0.185 × ಗಾಳಿಯ ವೇಗ ÷ ತಂತಿಯ ವ್ಯಾಸ. 15.9 ಮಿಮೀ ದಪ್ಪದ ಕೊಯೋಟ್ ತಂತಿಗೆ ಸೆಕೆಂಡಿಗೆ 3 ಮೀಟರ್ ಗಾಳಿ ಬೀಸಿದರೆ ಸುಮಾರು 35 ಹರ್ಟ್ಸ್. ಕಣ್ಣಿಗೆ ಕಾಣುವುದೇ ಇಲ್ಲ, ಆದರೆ ಕ್ಲ್ಯಾಂಪಿನ ಬಾಯಲ್ಲಿ ಎಳೆ ಎಳೆಯಾಗಿ ತುಂಡರಿಸುತ್ತದೆ. (ಕೊಯೋಟ್, ಲಿಂಕ್ಸ್, ರ್‍ಯಾಬಿಟ್, ವೀಸೆಲ್: ಎಸಿಎಸ್‌ಆರ್ (ನಡುವೆ ಉಕ್ಕು, ಸುತ್ತ ಅಲ್ಯೂಮಿನಿಯಂ) ತಂತಿಗಳಿಗೆ ಇಂಗ್ಲೆಂಡಿನವರು ಪ್ರಾಣಿಗಳ ಹೆಸರಿಟ್ಟರು, ಅಮೆರಿಕದವರು ಹಕ್ಕಿಗಳದು.)

11 ಕೆವಿ ಪಿನ್ ಇನ್ಸುಲೇಟರಿಗೂ ಎರಡು ಮಾತು. ನೇರ ಲೈನಿನಲ್ಲಿ ತಂತಿ ನೆತ್ತಿಯ ತೋಡಿನಲ್ಲಿ, ತಿರುವಿನಲ್ಲಿ ಪಕ್ಕದ ತೋಡಿನಲ್ಲಿ, ಅದೂ ತಿರುವಿನ ಹೊರಮೈಗೆ. ಹಾಗಿದ್ದರೆ ಎಳೆತ ತಂತಿಯನ್ನು ಪಿಂಗಾಣಿಗೆ ಒತ್ತುತ್ತದೆ. ಒಳಮೈಗೆ ಕಟ್ಟಿದರೆ ಇಡೀ ಎಳೆತ ಬೈಂಡಿಂಗ್ ವೈರಿನ ಮೇಲೆ. ಅಲ್ಯೂಮಿನಿಯಂ ತಂತಿಗೆ ಅಲ್ಯೂಮಿನಿಯಂ ಬೈಂಡಿಂಗೇ ಆಗಬೇಕು. ತಾಮ್ರ ಸುತ್ತಿದರೆ ಮಳೆನೀರು ಬಿದ್ದ ಮೇಲೆ ಅಲ್ಯೂಮಿನಿಯಂ ಸವೆದುಹೋಗುತ್ತದೆ.

ಹೂಮಳೆ ಮತ್ತು ದೂಳು

ಕಾಫಿ ಬೆಳೆಗಾರರು ಕಾಯುವ ಹೂಮಳೆ ಲೈನ್‌ಮನ್‌ಗೆ ಪರೀಕ್ಷೆ. ನಾಲ್ಕು ತಿಂಗಳ ದೂಳು ಡಿಸ್ಕಿನ ಮೇಲೆ ಕೂತಿರುತ್ತದೆ. ಒಣ ದೂಳು ಏನೂ ಮಾಡದು. ಜೋರು ಮಳೆ ಬಂದರೆ ತೊಳೆದುಕೊಂಡು ಹೋಗುತ್ತದೆ. ನಡುವಿನ ಸೋನೆಯೇ ಅಪಾಯ: ದೂಳು ಕೆಸರಾಗಿ ಅದರ ಮೇಲೆ ಕರೆಂಟು ಸೋರುತ್ತದೆ. ಸೋರುವ ದಾರಿಯ ಉದ್ದವೇ ಕ್ರೀಪೇಜ್. ನಮ್ಮ ಡಿಸ್ಕಿಗೆ ಸುಮಾರು 292 ಮಿಮೀ. ಐದಕ್ಕೆ 1460. ಇದನ್ನು 66 ಕೆವಿಯ ಗರಿಷ್ಠ 72.5 ಕೆವಿಯಿಂದ ಭಾಗಿಸಿದರೆ ಪ್ರತಿ ಕೆವಿಗೆ 20 ಮಿಮೀ. ಹಗುರ ಮಾಲಿನ್ಯಕ್ಕೆ 16, ಮಧ್ಯಮಕ್ಕೆ 20, ಹೆಚ್ಚಿಗೆ 25, ತೀರಾ ಹೆಚ್ಚಿಗೆ 31 ಎಂಬುದು ಬಳಕೆಯ ಅಳತೆ. ಸಕಲೇಶಪುರ, ಮೂಡಿಗೆರೆ ಕಡೆ ಮುಂಗಾರು ತಾನೇ ತೊಳೆಯುತ್ತದೆ, ಅಲ್ಲಿನ ಚಿಂತೆ ಸಿಡಿಲು, ಪಾಚಿ, ಮರ. ಅರಸೀಕೆರೆ, ಕಡೂರಿನ ಕಡೆ ದೂಳೇ ಮುಖ್ಯ, ಅಲ್ಲಿ ಕೆಳಗೆ ಆಳವಾದ ಏಣುಗಳಿರುವ ಆಂಟಿಫಾಗ್ ಡಿಸ್ಕ್ ಹೊಂದುತ್ತದೆ.

ಹೊಸ ಲೈನುಗಳಲ್ಲಿ ಸಿಲಿಕೋನ್ ರಬ್ಬರಿನ ಕಾಂಪೊಸಿಟ್ ಇನ್ಸುಲೇಟರ್ ಬಂದಿದೆ. ಒಳಗೆ ಗಾಜಿನ ನಾರಿನ ಕಡ್ಡಿ, ಹೊರಗೆ ರಬ್ಬರ್, ತುದಿಗಳಲ್ಲಿ ಅದುಮಿ ಕೂರಿಸಿದ ಲೋಹದ ಫಿಟ್ಟಿಂಗ್. ಕೆಸುವಿನ ಎಲೆಯ ಹಾಗೆ ನೀರು ಹನಿಯಾಗಿ ಉರುಳುತ್ತದೆ, ಕೆಸರು ಕೂರುವುದಿಲ್ಲ. ಆದರೆ ಇದರ ಜೀವ ಇರುವುದು ಲೋಹ ರಬ್ಬರನ್ನು ಸೇರುವ ಆ ಒಂದು ಸೀಲಿನಲ್ಲಿ. ಅಲ್ಲಿ ತೇವ ಒಳಹೊಕ್ಕರೆ ಕಡ್ಡಿ ಆಮ್ಲಕ್ಕೆ ತುತ್ತಾಗಿ ಕ್ಯಾರೆಟ್ ಮುರಿದ ಹಾಗೆ ಮುರಿಯುತ್ತದೆ. ಆದ್ದರಿಂದ ಇದರ ಮೇಲೆ ಕಾಲಿಟ್ಟು ಹತ್ತಬಾರದು, ಗ್ರೇಡಿಂಗ್ ರಿಂಗನ್ನು ತಲೆಕೆಳಗಾಗಿ ಹಾಕಬಾರದು. ಇದರ ತುದಿಯಲ್ಲೂ ಬಾಲ್, ಸಾಕೆಟ್ ಇವೆ, ಕ್ಲಿಪ್ಪೂ ಇದೆ.