ಕಾಕಂಬಿಯಿಂದ ಕ್ರೋಮೇಟ್‌ಗೆ, ಮತ್ತೆ ಎಲೆಗೆ

ಕಾಯಿಸಿ ಎಳೆದ ಉಕ್ಕಿನ ತಗಡಿನ ಮೇಲೆ ಕಪ್ಪನೆಯ ಪೊರೆ ಕಟ್ಟಿಕೊಳ್ಳುತ್ತದೆ. ಕಾರ್ಖಾನೆಯವರು ಇದನ್ನು ಸ್ಕೇಲ್ ಅನ್ನುತ್ತಾರೆ. ಇದನ್ನು ತೆಗೆಯಲು ತಗಡನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಬೇಕು. ಆದರೆ ಪೊರೆ ಎಲ್ಲಿ ಮುಗಿಯಿತು, ಉಕ್ಕು ಎಲ್ಲಿ ಶುರುವಾಯಿತು ಅಂತ ಆಸಿಡ್‌ಗೇನು ಗೊತ್ತು? ಪೊರೆ ಹೋದ ಮೇಲೂ ಗುಳ್ಳೆ ಏಳುತ್ತಲೇ ಇರುತ್ತದೆ. ಆ ಗುಳ್ಳೆ ಹೈಡ್ರೋಜನ್; ಕರಗುತ್ತಿರುವುದು ಒಳ್ಳೆಯ ಉಕ್ಕು.

ಇದಕ್ಕೆ 1895ರಲ್ಲಿ ಬಾಲ್ಡ್ವಿನ್ ಎಂಬುವರು ಪಡೆದ ಬ್ರಿಟಿಷ್ ಪೇಟೆಂಟ್‌ನಲ್ಲಿದ್ದ ಮದ್ದು ಕಾಕಂಬಿ ಮತ್ತು ಗಿಡದ ಎಣ್ಣೆ! ಸುಮ್ನೆ ನಗಬೇಡಿ, ಅದರ ಹಿಂದಿರುವ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಇಂಥ ಅನೇಕ ವಸ್ತುಗಳ ಅಣುಗಳಲ್ಲಿ ನೈಟ್ರೋಜನ್, ಆಕ್ಸಿಜನ್ ಅಥವಾ ಗಂಧಕ ಇರುತ್ತದೆ. ಅವುಗಳ ಬಳಿ ಹಂಚಿಕೊಳ್ಳಲು ಎಲೆಕ್ಟ್ರಾನ್ ಜೋಡಿ ಇರುತ್ತದೆ. ಆ ತುದಿ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಉಳಿದ ಭಾಗ ಆಸಿಡ್‌ಗೆ ಅಡ್ಡ ನಿಲ್ಲುತ್ತದೆ. ಪದರ ಬಹಳ ತೆಳು, ಹಾಗಾಗಿ ಸ್ವಲ್ಪ ಹಾಕಿದರೂ ಸಾಕು.

ಆಮೇಲೆ ವಿಷಗಳ ಕಾಲ ಬಂತು. 1932ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಣ್ಣೆ ಬಾವಿಗೆ ಆಸಿಡ್ ಸುರಿದಾಗ ಕೊಳವೆ ಉಳಿಸಲು ಬಳಸಿದ್ದು ಆರ್ಸೆನಿಕ್. ಬಿಸಿ ನೀರನ್ನು ತಣಿಸುವ ಕೂಲಿಂಗ್ ಟವರ್‌ಗಳಲ್ಲಿ ಕ್ರೋಮಿಯಂನ ಲವಣವಾದ ಕ್ರೋಮೇಟ್ ರಾಜ್ಯವಾಳಿತು. ಅದು ಕಬ್ಬಿಣದ ಮೇಲೆ ಗಟ್ಟಿಯಾದ ಆಕ್ಸೈಡ್ ಪೊರೆ ಕಟ್ಟಿಸುತ್ತದೆ. ಪ್ರಮಾಣ ಕಮ್ಮಿಯಾದರೆ ಮಾತ್ರ ಫಜೀತಿ: ಪೊರೆ ಹರಿದ ಕಡೆಯಲ್ಲೆಲ್ಲ ಆಳವಾದ ಗುಂಡಿ ಬೀಳುತ್ತದೆ. ಜೊತೆಗೆ ಅದು ಕ್ಯಾನ್ಸರ್ ತರುವಂಥದ್ದು. ಕಟ್ಟಡಗಳ ಏಸಿಗೆ ಜೋಡಿಸಿದ ಟವರ್‌ಗಳಲ್ಲಿ ಇದನ್ನು ಬಳಸಬಾರದು ಎಂದು ಅಮೆರಿಕ 1990ರಲ್ಲಿ ನಿಷೇಧಿಸಿತು.

ಲೋಹ ಕರಗದಂತೆ ತಡೆಯುವ ಇಂಥ ವಸ್ತುಗಳಿಗೆ ಇನ್ಹಿಬಿಟರ್ ಅನ್ನುತ್ತಾರೆ. ಈಗ ಎಲ್ಲೆಡೆ ಗಿಡಗಳಿಂದ ತೆಗೆದ ‘ಹಸಿರು ಇನ್ಹಿಬಿಟರ್’ ಮಾತು. ಹೊಸದೇನಲ್ಲ. ಸೆಲಂಡೈನ್ ಎಂಬ ಗಿಡದ ಕಾಂಡ, ಎಲೆ, ಬೀಜಗಳ ಸಾರವನ್ನು 1930ರ ಹೊತ್ತಿಗೇ ಸಲ್ಫ್ಯೂರಿಕ್ ಆಸಿಡ್ ತೊಟ್ಟಿಗೆ ಹಾಕುತ್ತಿದ್ದರು. ಮುರಿದರೆ ಹಳದಿ ಹಾಲು ಸುರಿಸುವ ಗಿಡ ಅದು. ಆ ಹಾಲಿನಲ್ಲಿರುವ ಆಲ್ಕಲಾಯ್ಡ್‌ಗಳೆಂಬ ಸಸ್ಯಜನ್ಯ ರಾಸಾಯನಿಕಗಳಲ್ಲೂ ಅದೇ ನೈಟ್ರೋಜನ್.

ಬೇವು, ಮದರಂಗಿ ಹೀಗೆ ಪರೀಕ್ಷೆಗೆ ಒಳಗಾದ ಗಿಡಗಳ ಪಟ್ಟಿ ದೊಡ್ಡದು. ಪರೀಕ್ಷೆ ಸರಳ. ಉಕ್ಕಿನ ಚೂರನ್ನು ಉಜ್ಜಿ, ತೂಗಿ, ಸಾರ ಬೆರೆಸಿದ ಆಸಿಡ್‌ನಲ್ಲಿ ಕೆಲವು ಗಂಟೆ ಇಟ್ಟು, ತೊಳೆದು ಮತ್ತೆ ತೂಗುತ್ತಾರೆ. 90 ಶೇಕಡಾ ರಕ್ಷಣೆ ಅಂತ ಬರುವುದೂ ಉಂಟು. ಆದರೆ ನನಗೆ ಅನುಮಾನ ಬೇರೆ ಕಡೆ ಇದೆ. ಎಲೆಯ ಗುಣ ಋತುವಿಗೆ, ಮಣ್ಣಿಗೆ ತಕ್ಕಂತೆ ಬದಲಾಗುತ್ತದೆ, ಸಾರ ಬೇಗ ಬೂಸ್ಟು ಹಿಡಿಯುತ್ತದೆ. ಸಾರ ತೆಗೆಯಲು ಎಷ್ಟೋ ಸಲ ಮೆಥನಾಲ್ ಎಂಬ ವಿಷಕಾರಿ ದ್ರಾವಕ ಬೇಕು, ಅದೇನು ಹಸಿರಲ್ಲ ಅಲ್ವಾ? ಚೂರು ಆಸಿಡ್‌ನಲ್ಲಿದ್ದದ್ದು ಕೆಲವು ಗಂಟೆ. ಕೊಳವೆಯೊಳಗೆ ಅದೇ ಸಾರ ತಿಂಗಳುಗಟ್ಟಲೆ ಬಿಸಿಯಲ್ಲಿ ಹರಿಯಬೇಕು.