ಹಿತ್ತಲ ಕೋಳಿಮರಿಗೆ ಲಸಿಕೆ: ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು

ಕೋಳಿಮರಿಯ ಲಸಿಕೆ ಪಟ್ಟಿಯನ್ನು ಕೋಳಿ ಸಾಕಣೆ ಓದುತ್ತಿರುವ ನಮ್ಮ ಬ್ಯಾಚಿನವರೆಲ್ಲ ಬಾಯಿಪಾಠ ಮಾಡಿದ್ದೀರಿ. ಮೊದಲ ದಿನ ಮ್ಯಾರೆಕ್ಸ್, 5ರಿಂದ 7ನೇ ದಿನದೊಳಗೆ ಲಸೋಟಾ, ಎರಡನೇ ವಾರ ಗಂಬೋರೊ, ನಾಲ್ಕನೇ ವಾರ ಮತ್ತೆ ಲಸೋಟಾ, ಆಮೇಲೆ ಸಿಡುಬು, 8ನೇ ವಾರ ಆರ್‌2ಬಿ. ಇದರಲ್ಲಿ ಲಸೋಟಾ, ಆರ್‌2ಬಿ ಎರಡೂ ಕೊಕ್ಕರೆ ರೋಗದ ಲಸಿಕೆಗಳು, ಉಳಿದವು ರೋಗದ ಹೆಸರುಗಳು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅದು ಸಾವಿರಗಟ್ಟಲೆ ಕೋಳಿ ಇರುವ ಫಾರ್ಮ್ ನೋಡಿ ಮಾಡಿದ ಪಟ್ಟಿ. ಮುಂಡರಗಿ ಹತ್ತಿರದ ನಮ್ಮೂರಲ್ಲಿ ದೊಡ್ಡವ್ವನ ಕೋಳಿ ಹನ್ನೊಂದು ಮರಿ ಮಾಡಿದಾಗ ಇದನ್ನೇ ಓದಿ ಹೇಳಿದೆ. "ಹನ್ನೊಂದು ಮರಿಗೆ ಇಷ್ಟೆಲ್ಲಾ ಹಾಕಬೇಕೇನಪಾ?" ಅಂದಳು. ನ್ಯಾಯವಾದ ಪ್ರಶ್ನೆ. ಒಂದೊಂದು ರೋಗವನ್ನೂ ಬೇರೆ ಬೇರೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಮೊದಲು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಇದಕ್ಕೆ ಲಸಿಕೆ ಹಾಕಲೇಬೇಕು, ಚರ್ಚೆಯೇ ಬೇಡ. ಹಿಂದಿನ ವರ್ಷ ದೊಡ್ಡವ್ವನ ಮನೆಗೆ ಸಂತೆಯಿಂದ ಒಂದು ಹುಂಜ ಬಂತು. ಬಂದ ದಿನವೇ ಉಳಿದ ಕೋಳಿಗಳ ಜೊತೆ ಬಿಟ್ಟರು. ವಾರ ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ಬುಟ್ಟಿ ಎತ್ತಿದರೆ ಒಂದು ಮರಿ ಕುತ್ತಿಗೆಯನ್ನು ಬೆನ್ನ ಮೇಲೆ ತಿರುಚಿಕೊಂಡು ಹಿಂದೆ ಹಿಂದೆ ನಡೆಯುತ್ತಿತ್ತು. ನೆಲದ ಮೇಲೆಲ್ಲ ಹಸಿರು ಭೇದಿ. ನಾಲ್ಕೈದು ದಿನದಲ್ಲಿ ಹಿತ್ತಲು ಖಾಲಿ. ಇದು ವೈರಸ್ ರೋಗ, ಬಂದ ಮೇಲೆ ಔಷಧಿ ಇಲ್ಲ. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕುಡಿಸಿದರೆ ದುಡ್ಡು ಹೋಗುತ್ತದೆ ಅಷ್ಟೇ. ಲಸಿಕೆ ಹಾಕದ ಕೋಳಿಗಳಲ್ಲಿ ಜೋರಾದ ತಳಿಯ ವೈರಸ್ ಬಿದ್ದರೆ ಹೆಚ್ಚುಕಡಿಮೆ ಎಲ್ಲವೂ ಸಾಯಬಹುದು.

ಇಲ್ಲಿ ಸುಮಾರು ಜನ ಎಡವುವುದು ಎರಡನೇ ಡೋಸ್ ವಿಷಯದಲ್ಲಿ. ತಾಯಿಕೋಳಿಗೆ ಲಸಿಕೆ ಆಗಿದ್ದರೆ ಅದರ ರಕ್ಷಣೆ ಮೊಟ್ಟೆಯ ಹಳದಿಯ ಮೂಲಕ ಮರಿಗೂ ಬರುತ್ತದೆ, ಎರಡು ಮೂರು ವಾರ ಇರುತ್ತದೆ. ಒಳ್ಳೆಯದೇ ಅಲ್ವಾ ಅನ್ನಿಸಬಹುದು, ಆದರೆ ಅದೇ ರಕ್ಷಣೆ ನಾವು ಹಾಕಿದ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ಅದಕ್ಕೇ ಮೊದಲ ಲಸೋಟಾವನ್ನು ಕಣ್ಣಿಗೋ ಮೂಗಿಗೋ ಹನಿ ಹಾಕುತ್ತೇವೆ. ರಕ್ತದಲ್ಲಿರುವ ತಾಯಿಯ ರಕ್ಷಣೆ ಅಲ್ಲಿ ಅಷ್ಟಾಗಿ ಅಡ್ಡ ಬರುವುದಿಲ್ಲ. ಆದರೂ ಮೊದಲ ಡೋಸ್ ಪೂರ್ತಿ ಹತ್ತದೇ ಇರಬಹುದು, ತಾಯಿಯ ರಕ್ಷಣೆಯೂ ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ 28ನೇ ದಿನದ ಡೋಸ್ ತಪ್ಪಿಸಬಾರದು. ಆರ್‌2ಬಿ ಸ್ವಲ್ಪ ಬಿರುಸಾದ ಲಸಿಕೆ, ಚಿಕ್ಕ ಮರಿಗೆ ಹಾಕಿದರೆ ಲಸಿಕೆಯಿಂದಲೇ ತೊಂದರೆ. 8 ವಾರ ತುಂಬಲಿ, ಒಂದು ವಾರ ಮುಂಚೆ ಜಂತಿನ ಔಷಧಿ ಕೊಡಿ, ಆಮೇಲೆ ಚುಚ್ಚಿಸಿ.

ಮೈಯೊಳಗೆ ಗಡ್ಡೆ ಕಟ್ಟಿಸುವ ಮ್ಯಾರೆಕ್ಸ್ ರೋಗದ ಲಸಿಕೆ ಬಿಡಬಹುದಾ? ಮನೆಯಲ್ಲೇ ಕಾವಿಗೆ ಕೂರಿಸಿದ ಮರಿಗಳಿಗೆ ನಾನು ಬಿಡುತ್ತೇನೆ. ಈ ವೈರಸ್ ಪುಕ್ಕದ ಹೊಟ್ಟಿನ ಜೊತೆ ಧೂಳಿನಲ್ಲಿ ಹಾರಾಡುತ್ತಿರುತ್ತದೆ, ಮರಿ ತಾಯಿಯ ರೆಕ್ಕೆ ಕೆಳಗೆ ಕೂತ ದಿನವೇ ತಗಲಬಹುದು. ಮೊಟ್ಟೆ ಒಡೆದ ದಿನ ಲಸಿಕೆ ಹಾಕಿದರೆ ಮಾತ್ರ ಪೂರ್ತಿ ಉಪಯೋಗ. ಅದನ್ನು ಹ್ಯಾಚರಿಯಲ್ಲಿ ಮಾಡುವುದೇ ಸುಲಭ. ಗಿರಿರಾಜ, ಸ್ವರ್ಣಧಾರ ತಳಿಯ ಮರಿ ಕೊಳ್ಳುವಾಗ ಮಾತ್ರ ಮ್ಯಾರೆಕ್ಸ್ ಆಗಿದೆಯಾ ಅಂತ ಕೇಳಿ. ಇನ್ನೊಂದು ವಿಷಯ: ಈ ಲಸಿಕೆ ಗಡ್ಡೆ ಆಗುವುದನ್ನು ತಡೆಯುತ್ತದೆ, ಸೋಂಕು ಹರಡುವುದನ್ನಲ್ಲ.

ಗಂಬೋರೊ ಲಸಿಕೆ ಬೇಕೋ ಬೇಡವೋ ಅನ್ನುವುದು ನಿಮ್ಮ ಜಾಗದ ಮೇಲೆ ಹೋಗುತ್ತದೆ. ಪಕ್ಕದಲ್ಲಿ ಬ್ರಾಯ್ಲರ್ ಶೆಡ್ ಇದ್ದರೆ, ಅಥವಾ ಹಿತ್ತಲಲ್ಲಿ ಒಮ್ಮೆ ಬಂದಿದ್ದರೆ ಹಾಕಿಸಿ. ಆ ವೈರಸ್ ತಿಂಗಳುಗಟ್ಟಲೆ ನೆಲದಲ್ಲಿ ಉಳಿಯುತ್ತದೆ. 3ರಿಂದ 6 ವಾರದ ಮರಿಗಳಲ್ಲಿ ರೋಗನಿರೋಧಕ ಶಕ್ತಿ ಕಟ್ಟುವ ಬರ್ಸಾ ಅನ್ನುವ ಅಂಗವನ್ನೇ ಕೆಡಿಸುತ್ತದೆ. ಆಗ ಲಸೋಟಾ ಹಾಕಿದ್ದೂ ಸರಿಯಾಗಿ ಹತ್ತುವುದಿಲ್ಲ.

ಸಿಡುಬು ಸೊಳ್ಳೆಯಿಂದ ಜಾಸ್ತಿ. ಹಾನಗಲ್ ಕಡೆ ಕೆರೆ, ಗದ್ದೆ ಪಕ್ಕದ ಮನೆಯವರು ಮಳೆಗಾಲಕ್ಕೆ ಮುಂಚೆ ಹಾಕಿಸಲಿ. 6ರಿಂದ 8 ವಾರಕ್ಕೆ ರೆಕ್ಕೆಯ ತೆಳು ಚರ್ಮಕ್ಕೆ ಎರಡು ಮೊನೆಯ ಸೂಜಿಯಲ್ಲಿ ಚುಚ್ಚುತ್ತಾರೆ. 7ರಿಂದ 10 ದಿನಕ್ಕೆ ಆ ಜಾಗ ನೋಡಿ, ಊದಿ ಹಕ್ಕಳೆ ಕಟ್ಟಿದ್ದರೆ ಲಸಿಕೆ ಹತ್ತಿದೆ. ಆರ್‌2ಬಿ ಹಾಕಿದ ದಿನವೇ ಇದು ಬೇಡ, ಒಂದು ವಾರವಾದರೂ ಬಿಡಿ.

ರಕ್ತ ಭೇದಿ ಬರುವುದು ಕೋಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿ ಜೀವಿಯಿಂದ. ಹಿತ್ತಲಲ್ಲಿ ಅದಕ್ಕೆ ಒಣ ನೆಲವೇ ಮದ್ದು, ಬಂದರೆ ಆಂಪ್ರೋಲಿಯಂ ಔಷಧಿ.

ಈಗ ನಿಜವಾದ ತೊಡಕು. ಲಸೋಟಾ ಸೀಸೆ ಚಿಕ್ಕದು ಅಂದರೂ 100 ಡೋಸಿನದು, ಮರಿ ಹನ್ನೊಂದು. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಇದೊಂದೇ ಕಾರಣಕ್ಕೆ ಎಷ್ಟೋ ಮನೆಗಳಲ್ಲಿ ಲಸಿಕೆ ಆಗುವುದಿಲ್ಲ. ಈ ಸಲ ನಾವು ಓಣಿಯ ಆರು ಮನೆ ಸೇರಿ ಒಂದೇ ದಿನ ಗೊತ್ತು ಮಾಡಿದೆವು. ದನದ ದವಾಖಾನೆಯಲ್ಲಿ ಮೊದಲೇ ಕೇಳಿಟ್ಟುಕೊಂಡು, ಸೀಸೆಯನ್ನು ಐಸ್ ಹಾಕಿದ ಥರ್ಮಾಸಿನಲ್ಲಿ ತಂದೆವು. 2ರಿಂದ 8 ಡಿಗ್ರಿಯಲ್ಲೇ ಇರಬೇಕು, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅಂಗಿ ಜೇಬಿನಲ್ಲಿ ತಂದರೆ ಬರೀ ನೀರು ಹನಿಸಿದ ಹಾಗೆ. ಬೆಳಗ್ಗೆ ಏಳಕ್ಕೆ ಶುರು ಮಾಡಿದೆವು. ಮರಿಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಲೆ ಓರೆ ಮಾಡಿ, ಕಣ್ಣಿಗೆ ಒಂದು ಹನಿ. ಅದು ಕಣ್ಣು ಮಿಟುಕಿಸಿ ಹನಿ ಒಳಗೆ ಹೋಗುವ ತನಕ ಕೈ ಸಡಿಲ ಮಾಡಬೇಡಿ. ತಕ್ಷಣ ಬಿಟ್ಟರೆ ತಲೆ ಕೊಡವಿ ಹನಿ ನೆಲಕ್ಕೆ ಬೀಳುತ್ತದೆ. ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಇರುವ ನಲ್ಲಿ ನೀರು ಬೇಡ.

ಮಂಕಾಗಿ ಕೂತಿದ್ದ ಎರಡು ಮರಿಗೆ ಅವತ್ತು ಹಾಕಲಿಲ್ಲ, ಬೇರೆ ಬುಟ್ಟಿಯಲ್ಲಿ ಇಟ್ಟೆವು. ಕೊನೆ ಮನೆ ಮುಗಿದ ಮೇಲೆ ಉಳಿದ ಲಸಿಕೆಯನ್ನು ಸೀಸೆ ಸಮೇತ ಕುದಿಸಿ ಹೂತೆವು. ಕೈಯನ್ನು ಸೋಪಿನಿಂದ ತೊಳೆಯುವ ತನಕ ಯಾರೂ ಕಣ್ಣು ಉಜ್ಜಿಕೊಳ್ಳಬೇಡಿ, ಲಸಿಕೆಯ ಈ ವೈರಸ್ಸಿಗೆ ನಮ್ಮ ಕಣ್ಣೂ ಕೆಂಪಾಗಬಹುದು.